ಕುಲಾವಿ ತೊಟ್ಟ ಗುಂಡುಕಲ್ಲು

ಕೊಟ್ಟೂರಿನ ತಿಪ್ಪೇರುದ್ರಮ್ಮನನ್ನು ಕಂಡರೆ ಸುತ್ತಿನ ನಾಲ್ಕು ತಾಲ್ಲೂಕಿನ ಜನರ ಮುಖ ತಾನಾಗಿ ಅರಳುತ್ತಿತ್ತು. ಹಡಗಲಿ ಬಸ್ಸಿನ ಕಂಡಕ್ಟರ್ ಚಿಲ್ಲರೆಗಾಗಿ ಇಡೀ ಬಸ್ಸಿನ ಮೇಲೆ ಹರಿಹಾಯುವ ಮನುಷ್ಯ. ಅವಳಿಗೆ ಟಿಕೆಟ್ ಹರಿದು ಕೊಡುವಾಗ ಮಾತ್ರ ತುಟಿ ಬಿಗಿಹಿಡಿದು ನಗು ನುಂಗಿಕೊಳ್ಳುತ್ತಿದ್ದ. ಇಟ್ಟಿಗಿಯಲ್ಲಿ ಮದುವೆಗೆ ಹೋದಾಗ, ಇವರು ಹಾಸ್ಯಗಾರ ಕರಿಸಿದ್ದಪ್ಪನ ಮನೆಯವರು ಎಂದು ಯಾರಾದರೂ ಪರಿಚಯ ಮಾಡಿಸಿದ್ದೇ ತಡ, ಪಂಕ್ತಿಯಲ್ಲಿ ಕುಳಿತ ಹಿರಿಯರು ತುತ್ತು ಬಿಟ್ಟು ತಲೆಯೆತ್ತುತ್ತಿದ್ದರು. "ಇವ್ರೇನ್ರೀ ಅವ್ರು?" ಎಂದು ಒಬ್ಬರ ಕಿವಿಗೊಬ್ಬರು ಬಾಯಿ ಹಚ್ಚಿ ಹೆಗಲು ಕುಣಿಸುತ್ತಿದ್ದರು.

ರುದ್ರಮ್ಮ ಇದಕ್ಕೆ ಒಳಗೊಳಗೇ ಹಿಗ್ಗುತ್ತಿದ್ದಳು. ಗಂಡ ಗಳಿಸಿದ ಹೆಸರಿನಲ್ಲಿ ತನಗೂ ಒಂದು ಪಾಲು ಬಂದಿದೆ ಎಂದುಕೊಂಡಿದ್ದಳು. ಪಾಲು ಬಂದದ್ದೇನೋ ನಿಜ. ಅದು ಎಂಥ ಪಾಲು ಎಂಬುದು ಅವಳಿಗೆ ಗೊತ್ತಾಗುವಷ್ಟರಲ್ಲಿ ತಲೆ ಪೂರಾ ಬೆಳ್ಳಗಾಗಿತ್ತು.

ಕರಿಸಿದ್ದಪ್ಪ ಕಂಪನಿ ನಾಟಕದ ಹಾಸ್ಯಗಾರ. ಈ ಕೆಲಸ ಎಂಥದ್ದೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಅರಮನೆಯ ದೃಶ್ಯ ಮುಗಿದು ಕಾಡಿನ ದೃಶ್ಯ ಬರಬೇಕಾದರೆ ಹಿಂದೆ ಸೀನು ಬದಲಾಯಿಸಲು ಹೊತ್ತು ಬೇಕು. ಅಷ್ಟು ಹೊತ್ತು ಮುಂದೊಂದು ಪರದೆ ಇಳಿಸಿ, ಅದರ ಎದುರಿಗೆ ಹಾಸ್ಯಗಾರನನ್ನು ಬಿಡುತ್ತಿದ್ದರು. ನಾಟಕ ಬರೆದವರು ಅವನಿಗೆ ಒಂದು ಮಾತನ್ನೂ ಬರೆದುಕೊಟ್ಟಿರುತ್ತಿರಲಿಲ್ಲ. ಒಳಗಿನಿಂದ ಸೀಟಿ ಕೇಳುವ ತನಕ ಜನ ನಗುತ್ತಿರಬೇಕು, ಅಷ್ಟೇ. ಮಾತನ್ನು ಎಲ್ಲಿಂದ ತರುತ್ತಾನೆ, ಹೊಲದಿಂದಲೋ ಸಂತೆಯಿಂದಲೋ ಮನೆಯಿಂದಲೋ, ಅದು ಅವನ ಹಣೆಬರಹ. ನಗು ನಿಂತರೆ ಮಾಲೀಕರು ಅವನನ್ನು ಮನೆಗೆ ಕಳಿಸುತ್ತಿದ್ದರು.

ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುವಂಥ ಗಂಡಸೇನೂ ಅಲ್ಲ ಅವನು. ಕುಡಿದವನಲ್ಲ, ಕೈ ಎತ್ತಿದವನಲ್ಲ. ಆದರೆ ಮನೆಗೆ ಬಂದರೆ ಬಾಯಿಗೆ ಬೀಗ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ಬೀಡಿ ಸೇದುತ್ತ, ಒಳಗೆ ಕೆಲಸ ಮಾಡುವ ಹೆಂಡತಿಯನ್ನು ನೋಡುತ್ತಿದ್ದ. ಪಾಪ, ಊರೂರು ತಿರುಗಿ ದಣಿದಿದ್ದಾನೆ ಎಂದು ಅವಳ ಮರುಕ. ಇತ್ತ ರುದ್ರಮ್ಮನಿಗೆ ಮಾತೆಂದರೆ ಉಸಿರು. ಮನುಷ್ಯರು ಸಿಗದಿದ್ದರೆ ವಸ್ತುಗಳಾದರೂ ಆದೀತು. ರೊಟ್ಟಿಯ ಹಂಚು ಕಾಯದಿದ್ದರೆ, "ಏ ಹಂಚ, ಯಾಕ ಮುನಿಸ್ಕೊಂಡಿ? ನಿನ್ನೆ ತಿಕ್ಕಿಲ್ಲಂತ ಸಿಟ್ಟೇನು? ಹೌದಲ್ಲೋ?" ಎಂದು ಕೇಳಿ, ಕುತ್ತಿಗೆ ಮುಂದೆ ಚಾಚಿ, ಹಂಚಿನ ಕಡೆ ಕಿವಿ ವಾಲಿಸಿ, ಉತ್ತರಕ್ಕೆ ಕಾಯುತ್ತಿದ್ದಳು. ನಿಜವಾಗಿಯೂ ಕಾಯುತ್ತಿದ್ದಳು. ಆಮೇಲೆ ಹಂಚು ಏನೋ ಹೇಳಿತು ಎಂಬಂತೆ ತಲೆಯಾಡಿಸಿ ಕೆಲಸ ಮುಂದುವರಿಸುತ್ತಿದ್ದಳು.

ಮದುವೆಯಾದ ಹೊಸತರಲ್ಲೇ ಕರಿಸಿದ್ದಪ್ಪ ಒಂದು ಕಟ್ಟಳೆ ಹಾಕಿದ್ದ. "ನನ್ನ ಆಟಕ್ಕ ನೀ ಬರಬಾರ್ದು. ನೀ ಮುಂದ ಕುಂತ್ರ ನನ್ನ ನಾಲಿಗಿ ಏಳೂದಿಲ್ಲ." ಆಟದವರ ಹೆಂಡಿರು ಆಟಕ್ಕೆ ಹೋಗುವ ರೂಢಿ ಆಗ ಯಾರಲ್ಲೂ ಇರಲಿಲ್ಲ. ಕಂಪನಿ ಕೊಟ್ಟೂರಿನಲ್ಲೇ ಮೊಕ್ಕಾಂ ಹೂಡಿದಾಗಲೂ ಅವಳು ಮನೆಯಲ್ಲೇ ಉಳಿದಳು. ಟೆಂಟಿನಿಂದ ನಗೆಯ ಅಲೆ ಓಣಿಯವರೆಗೂ ಬರುತ್ತಿತ್ತು. ಏನು ಹೇಳಿ ಹಾಗೆ ನಗಿಸುತ್ತಾನೋ ನನ್ನ ಗಂಡ ಎಂದು ಹೆಮ್ಮೆಪಡುತ್ತಿದ್ದಳು.

ಟೀವಿ ಬಂತು, ಕಂಪನಿ ಮುಚ್ಚಿತು, ಬೀಡಿ ಎದೆ ತಿಂದು ಕರಿಸಿದ್ದಪ್ಪನೂ ಹೋದ. ರುದ್ರಮ್ಮ ನೆರೆಮನೆಯ ಲಾಲ್ ಬೀಯನ್ನು ಜತೆಗೆ ಹಾಕಿಕೊಂಡು ಮದುವೆ ಮುಂಜಿಗಳಿಗೆ, ಖಾನಾವಳಿಗಳಿಗೆ ಖಡಕ್ ರೊಟ್ಟಿ ಬಡಿದುಕೊಡುವ ಕೆಲಸ ಹಿಡಿದಳು. ಲಾಲ್ ಬೀ ಆ ಓಣಿಗೆ ಸೊಸೆಯಾಗಿ ಬಂದದ್ದು ತಡವಾಗಿ. ವಯಸ್ಸಿನಲ್ಲಿ ಚಿಕ್ಕವಳು, ಬಾಯಲ್ಲಿ ದೊಡ್ಡವಳು. ಇಬ್ಬರೂ ಒಲೆಯ ಮುಂದೆ ಕುಳಿತರೆ ಹಂಚಿಗೆ, ಹಿಟ್ಟಿಗೆ, ಕಟ್ಟಿಗೆಗೆ ಒಟ್ಟಿಗೇ ಮಂಗಳಾರತಿ.

ಎರಡು ಸಾವಿರದ ಎರಡನೇ ಇಸವಿಯ ಸುಮಾರಿಗೆ ಹಗರಿಬೊಮ್ಮನಹಳ್ಳಿಯಿಂದ ಪ್ರವೀಣಕುಮಾರ್ ಎಂಬುವನು ಅವಳ ಮನೆ ಹುಡುಕಿಕೊಂಡು ಬಂದ. ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು, ನಾಟಕದ ಹುಚ್ಚಿನವನು. ಹಳೆಯ ಕಂಪನಿಗಳ ಹಾಸ್ಯಗಾರರನ್ನೆಲ್ಲ ನೆನಪಿಗೆ ತಂದು 'ಪರದೆ ಮುಂದಿನ ಮಂದಿ' ಎಂಬ ನಾಟಕ ಕಟ್ಟಿದ್ದ. ಒಬ್ಬೊಬ್ಬ ಹಾಸ್ಯಗಾರನದು ಒಂದೊಂದು ಪ್ರಸಂಗ.

"ಕರಿಸಿದ್ದಪ್ಪಜ್ಜಾರ ಪ್ರಸಂಗ ಇಲ್ಲಂದ್ರ ಈ ನಾಟಕಾನ ಇಲ್ರಿ ಅಮ್ಮಾರ," ಎಂದ. "ಅದನ್ನ ಆಡಾಕ ನಿಮ್ಮ ಒಪ್ಪಿಗಿ ಬೇಕು. ನೀವು ಬ್ಯಾಡಂದ್ರ ಕೈ ಬಿಡ್ತೀವಿ. ಯಾಕಂದ್ರ ಅದು ನಿಮ್ಮದಾ ಐತಲ್ರಿ." ಹಾಗೆಂದು ನಕ್ಕ.

ಯಾವ ಪ್ರಸಂಗ ಎಂದು ಕೇಳಬೇಕಿತ್ತು ಅವಳು. ಕೇಳಲಿಲ್ಲ. ಹಾಸ್ಯಗಾರನ ಹೆಂಡತಿಯಾಗಿ ಅವನ ಆಟವನ್ನೇ ನೋಡಿಲ್ಲ ಎಂದು ಪರಊರಿನವನ ಮುಂದೆ ಹೇಳಿಕೊಳ್ಳಲು ನಾಚಿಕೆಯಾಯಿತು.

"ಗೊತ್ತೈತಿ ಬಿಡು ತಮ್ಮಾ. ಆಡ್ರಿ," ಎಂದುಬಿಟ್ಟಳು.

"ಭಾನುವಾರ ಮಧ್ಯಾಹ್ನ ಮೊದಲನೇ ಆಟ. ನೀವು ಬರ್ಬೇಕ್ರಿ. ಸ್ಟೇಜಿನ ಮ್ಯಾಲೆ ಶಾಲು ಹೊದಸ್ತೀವಿ. ಆಮ್ಯಾಲೆ ಮುಂದಿನ ವಾರ ಹರಪನಹಳ್ಳಿ, ಅಲ್ಲಿಂದ ಹಡಗಲಿ, ಕೂಡ್ಲಿಗಿ. ಎಲ್ಲಾ ಕಡೆ ಆಡ್ತೀವಿ."

ಗಂಡನ ಕಟ್ಟಳೆ ನೆನೆದು ರುದ್ರಮ್ಮ ಹೋಗಲೋ ಬೇಡವೋ ಎಂದು ತೂಗಾಡಿದಳು. ಲಾಲ್ ಬೀ ಅದನ್ನು ಒಂದೇ ಮಾತಿನಲ್ಲಿ ಬಗೆಹರಿಸಿದಳು. "ಕಟ್ಟಳೆ ಹಾಕಿದಾವ ಮಣ್ಣಾಗ ಮಲಗ್ಯಾನ. ನಾಲಿಗಿ ಏಳೂದಿಲ್ಲ ಅನ್ನೂ ಚಿಂತಿ ಅವಂಗಿನ್ನ ಎಲ್ಲಿಂದು ಅಕ್ಕಾ? ನಡಿ, ನಾನೂ ಬರ್ತೀನಿ."

ಹಗರಿಬೊಮ್ಮನಹಳ್ಳಿಯ ಕಲ್ಯಾಣಮಂಟಪದಲ್ಲಿ ಆಟ. ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟು ಕೂರಿಸಿದರು. ರಂಗದ ಮಗ್ಗುಲಲ್ಲಿ ಹಾರ್ಮೋನಿಯಂ ಹಿಡಿದು ಕುಳಿತಿದ್ದ ಮುದುಕನನ್ನು ಅವಳು ಗುರುತಿಸಿದಳು. ವೀರಭದ್ರಯ್ಯ, ಗಂಡನ ಕಂಪನಿಯಲ್ಲೇ ಪೆಟ್ಟಿಗೆ ಬಾರಿಸುತ್ತಿದ್ದವನು. ಪರದೆ ಎದ್ದಿತು. ತಂಬ್ರಹಳ್ಳಿ ಕಡೆಯ ಒಬ್ಬ ಹಾಸ್ಯಗಾರ ನಿಂತಲ್ಲೇ ನಿದ್ದೆ ಹೋಗುತ್ತಿದ್ದನಂತೆ. ಅವನ ಪಾತ್ರ ಬಂತು. ಆಮೇಲೆ ಕೊಡೆಯ ಜತೆ ಕುಸ್ತಿ ಹಿಡಿಯುವ ಇನ್ನೊಬ್ಬ. ರುದ್ರಮ್ಮ ಲಾಲ್ ಬೀಯ ತೊಡೆ ಬಡಿದು ಬಡಿದು ನಕ್ಕಳು. ಇಂಥ ಸುಖವನ್ನು ಇಷ್ಟು ವರ್ಷ ಕಳೆದುಕೊಂಡೆನಲ್ಲ ಎಂದು ಹೊಟ್ಟೆ ಉರಿಯಿತು.

ಆಗ ಕರಿಸಿದ್ದಪ್ಪ ಬಂದ. ಮುನಾವರ ಎಂಬ ಬೈಕ್ ರಿಪೇರಿಯ ಹುಡುಗ ಅವನ ವೇಷ ಹಾಕಿದ್ದ. ಅದೇ ಓರೆ ರುಮಾಲು, ಅದೇ ಎಳೆದು ಹಾಕುವ ನಡಿಗೆ. ರುದ್ರಮ್ಮ ಕುರ್ಚಿಯ ಅಂಚಿಗೆ ಸರಿದು ಕುಳಿತಳು. ಮುನಾವರ ಒಂದು ಟ್ರಂಕು ತಂದಿಟ್ಟು, ಜನರ ಕಡೆ ತಿರುಗಿ, "ನಮ್ಮನ್ಯಾಕಿ ಹೆಂಗ ಅದಾಳ ಗೊತ್ತೇನ್ರಿ?" ಎಂದು ಕೇಳಿದ. ಅಷ್ಟಕ್ಕೇ ಹಿಂದೆ ಕುಳಿತ ಹಿರಿತಲೆಗಳೆಲ್ಲ ನಗತೊಡಗಿದವು. ಮುಂದೇನು ಬರುತ್ತದೆಂದು ಅವರಿಗೆ ಬಾಯಿಪಾಠ.

ಟ್ರಂಕಿನಿಂದ ಒಂದು ಸೀರೆ ತೆಗೆದು ತಲೆಯ ಮೇಲೆ ಸೆರಗು ಹೊದ್ದು ಮುನಾವರ ತಿರುಗಿದ. ತಿರುಗಿದವಳು ರುದ್ರಮ್ಮ.

"ಏ ಹಂಚ, ಯಾಕ ಮುನಿಸ್ಕೊಂಡಿ? ಹೌದಲ್ಲೋ?" ಕುತ್ತಿಗೆ ಮುಂದೆ ಬಂತು, ಕಿವಿ ವಾಲಿತು, ಉತ್ತರಕ್ಕೆ ಕಾದಿತು.

ಸಭೆ ಹೋ ಎಂದಿತು. "ಅಕ್ಕಾ, ನೀನಾ," ಎಂದು ಲಾಲ್ ಬೀ ಸೆರಗು ಬಾಯಿಗಿಟ್ಟುಕೊಂಡಳು. ರುದ್ರಮ್ಮನಿಗೆ ಕಿವಿ ಬಿಸಿಯಾಯಿತು, ನಗುವೂ ಬಂತು. ಅಯ್ಯ ಕಳ್ಳ, ಕಂಬಕ್ಕೆ ಒರಗಿ ಕುಂತು ನೋಡುತ್ತಿದ್ದದ್ದು ಇದಕ್ಕೇನು ಎಂದುಕೊಂಡಳು. ಬಸ್ಸಿನ ಕಂಡಕ್ಟರ್, ಇಟ್ಟಿಗಿಯ ಪಂಕ್ತಿ, ಎಲ್ಲ ಒಮ್ಮೆಲೇ ಅರ್ಥವಾಯಿತು. ನಾಚಿಕೆಯಾಯಿತು. ಆದರೂ ಗಂಡಸು ಹೆಂಡತಿಯನ್ನು ಆಡಿಕೊಳ್ಳುವುದು ಊರಲ್ಲಿ ಇಲ್ಲದ್ದೇನಲ್ಲ. ಇಷ್ಟಾದರೆ ಅವಳು ಮನೆಗೆ ಹೋಗಿ ಅವನ ಫೋಟೋದ ಜತೆ ಒಂದು ಗಂಟೆ ಜಗಳವಾಡಿ ಮರೆಯುತ್ತಿದ್ದಳೋ ಏನೋ.

ಮುನಾವರ ಟ್ರಂಕಿಗೆ ಮತ್ತೆ ಕೈ ಹಾಕಿ ಒಂದು ಗುಂಡುಕಲ್ಲು ತೆಗೆದ. ಒರಳಲ್ಲಿ ಅರೆಯುವ ಕಲ್ಲು. ಅದಕ್ಕೆ ಅರಿಶಿಣ ಬಳಿದಿತ್ತು. ತಲೆಗೆ ಕೂಸಿನ ಕುಲಾವಿ ತೊಡಿಸಿತ್ತು.

ರುದ್ರಮ್ಮನ ನಗು ನಿಂತಿತು.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡುಕಲ್ಲನ್ನು ಮಲಗಿಸುತ್ತಾರೆ. ತೊಳೆದು, ಅರಿಶಿಣ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ, ಮಗುವಿನಂತೆಯೇ ತೂಗುತ್ತಾರೆ. ಬೀಳುವ ಕಣ್ಣೆಲ್ಲ ಕಲ್ಲಿಗೆ ಬೀಳಲಿ, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಆಮೇಲೆ ಕೂಸನ್ನು ಮಲಗಿಸಿ, ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಅಲ್ಲಿಯತನಕ ಆ ಹೆಸರನ್ನು ಯಾರೂ ಬಾಯಿಬಿಟ್ಟು ಆಡಬಾರದು.

ರುದ್ರಮ್ಮನಿಗೂ ಒಂದು ಗಂಡು ಕೂಸು ಹುಟ್ಟಿತ್ತು. ತೊಟ್ಟಿಲು ಕಟ್ಟಿಯಾಗಿತ್ತು, ಗುಂಡುಕಲ್ಲಿಗೆ ಅವಳೇ ಕುಲಾವಿ ತೊಡಿಸಿ ಇಟ್ಟಿದ್ದಳು. ಆ ದಿನ ಬೆಳಗಾಗುವುದರೊಳಗೆ ಕೂಸು ಸೆಟೆದುಕೊಂಡು ಹೋಗಿಬಿಟ್ಟಿತು. ತೊಟ್ಟಿಲಿಗೆಂದು ಬಂದ ನೆಂಟರು ಮಣ್ಣು ಮಾಡಿ ಹೋದರು. ಹಿರೇಹಡಗಲಿ ಮೊಕ್ಕಾಮಿನಿಂದ ಬಂದ ಕರಿಸಿದ್ದಪ್ಪ, ಮಾತಿಲ್ಲದೆ ಬಂದವನು ಮಾತಿಲ್ಲದೆ ವಾಪಸು ಹೋದ. ಕಲ್ಲಿನ ತಲೆಯ ಕುಲಾವಿ ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅದನ್ನು ಅವಳು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ಮಾತಾಡಿಸುತ್ತಿದ್ದಳು. ಅತ್ತೆ ಖಾರ ಅರೆಯಲು ಕಲ್ಲು ಬೇಕೆಂದು ಬಂದು ಬಂದು ಹೋಗುತ್ತಿದ್ದಳು; ಕಡೆಗೊಂದು ದಿನ ಕುಲಾವಿ ಕಿತ್ತಿಟ್ಟು ಕಲ್ಲನ್ನು ಒರಳಿಗೆ ಹಾಕಿದಳು. ಅದೇ ಕಲ್ಲಿನಲ್ಲಿ ರುದ್ರಮ್ಮನೂ ಆಮೇಲೆ ಎಷ್ಟೋ ವರ್ಷ ಖಾರ ಅರೆದಳು. ಮತ್ತೆ ಮಕ್ಕಳಾಗಲಿಲ್ಲ. ಈ ಮಾತನ್ನು ಗಂಡ ಹೆಂಡತಿ ಒಮ್ಮೆಯೂ ಎತ್ತಲಿಲ್ಲ. ಅವನಿಗೆ ಕಲ್ಲಿನ ಸಂಗತಿ ಗೊತ್ತೇ ಇಲ್ಲ ಎಂದು ಅವಳು ನಂಬಿದ್ದಳು.

ರಂಗದ ಮೇಲೆ ಮುನಾವರ ಕಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದ.

"ಏ ಗುಂಡ, ಮುಂಜಾಲಿಂದ ನೋಡಾಕತ್ತೀನಿ, ಅಳವಲ್ಲಿ, ಹಾಲು ಕೇಳವಲ್ಲಿ. ಅಪ್ಪನಂಗ ಸುಮ್ನ ಕುಂತೀಯಲ್ಲ. ನೀನೂ ಕಂಪನಿ ಸೇರಾವೇನು? ಹೌದಲ್ಲೋ?" ಕಿವಿ ಕಲ್ಲಿನ ಹತ್ತಿರ ಹೋಯಿತು, ಕಾದಿತು.

ಹಿಂದೆ ಯಾರೋ ಕುರ್ಚಿಯಿಂದ ಜಾರಿ ಬಿದ್ದು ನಗುತ್ತಿದ್ದರು. ಪರದೆಯ ಮರೆಯಿಂದ ಅತ್ತೆಯ ಧ್ವನಿ ಬಂತು. "ಆ ಕೂಸಿನ್ನ ಇತ್ತ ತಾರವ್ವಾ, ಖಾರ ಅರೀಬೇಕು."

"ತಡೀರಿ ಅತ್ತಿ, ಈಗಿನ್ನ ನಿದ್ದಿ ಹತ್ತೈತಿ. ಎದ್ದ ಮ್ಯಾಲೆ ಅರದೀರಂತ."

ಮಂಟಪದ ತಗಡು ಹಾರಿಹೋಗುವಂತೆ ಜನ ನಕ್ಕರು. ಮುನಾವರ ಆ ನಗೆ ಇಳಿಯುವ ತನಕ ಕಾದು, ಕಲ್ಲಿನ ಕಿವಿಯಿರಬೇಕಾದ ಜಾಗಕ್ಕೆ ಬಾಯಿ ಹಚ್ಚಿ, "ಮಲಗೋ ನನ್ನ ಮರುಳಸಿದ್ದ," ಎಂದ.

ಆ ಹೆಸರನ್ನು ರುದ್ರಮ್ಮ ಅತ್ತೆಗೆ ಹೇಳಿರಲಿಲ್ಲ, ತವರಿಗೆ ಹೇಳಿರಲಿಲ್ಲ, ಗಂಡನಿಗಂತೂ ಹೇಳಿರಲೇ ಇಲ್ಲ. ಕೂಸಿಗೆಂದು ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು. ಯಾರೂ ಇಲ್ಲದಾಗ ಕಲ್ಲಿಗೆ ಮಾತ್ರ ಹೇಳಿದ್ದಳು. ಹಾಗಾದರೆ ಯಾವತ್ತೋ ಒಂದು ದಿನ ಅವನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಾನೆ. ಒಳಗೆ ಬರಲಿಲ್ಲ, ಕೈ ಹಿಡಿಯಲಿಲ್ಲ, ಕಲ್ಲನ್ನು ಕಸಿದುಕೊಳ್ಳಲೂ ಇಲ್ಲ. ಕೇಳಿಸಿಕೊಂಡು ಹೋಗಿ, ಊರೂರಲ್ಲಿ, ಟಿಕೆಟ್ ತೆಗೆದು ಬಂದವರಿಗೆಲ್ಲ ಹೇಳಿದ್ದಾನೆ.

ಲಾಲ್ ಬೀ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ತಿರುಗಿ ನೋಡಿದಳು. "ಏನಾತಕ್ಕಾ? ಯಾಕ ಹಿಂಗ ಕುಂತಿ?"

"ಅದು ನನ್ನ ಕೂಸು."

"ಯಾವುದು?"

"ಆ ಕಲ್ಲು," ಎಂದಳು ರುದ್ರಮ್ಮ. ಮೆಲ್ಲಗೆ, ತುಂಡು ತುಂಡಾಗಿ, ಮಿಕ್ಕದ್ದನ್ನೂ ಹೇಳಿದಳು. ಲಾಲ್ ಬೀ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಇಂಟರ್‌ವಲ್ಲಿನಲ್ಲಿ ವೀರಭದ್ರಯ್ಯ ಕೋಲೂರಿಕೊಂಡು ಬಂದು ಕೈಮುಗಿದ. ರುದ್ರಮ್ಮ ಕ್ಷೇಮಸಮಾಚಾರ ಕೇಳಲಿಲ್ಲ. "ಇದನ್ನ ಯಾವಾಗಿಂದ ಆಡ್ತಿದ್ದ?" ಎಂದಳು.

"ಹರಪನಹಳ್ಳಿ ಮೊಕ್ಕಾಂ ಇದ್ದಾಗ ಶುರು ಮಾಡಿದ್ನಮ್ಮಾ. ಆ ವರ್ಷ ಅವಂಗೇನೂ ಹೊಳೀತಿದ್ದಿಲ್ಲ. ಪರದಿ ಮುಂದ ಹೋಗಿ ಸುಮ್ನ ನಿಂದ್ರಾವ, ಜನ ಸಿಳ್ಳಿ ಹೊಡಿಯಾರು. ಮಾಲಕರು ಬಿಡಿಸ್ತೀನಿ ಅಂದಿದ್ರು. ಒಂದಿನ ಪರದಿ ಮುಂದ ನಿಂತಾವ ಇದ್ದಕ್ಕಿದ್ದಂಗ ಇದನ್ನ ತೆಗೆದ. ಜನ ಬಿದ್ದು ಬಿದ್ದು ನಕ್ರು. ಆಮ್ಯಾಲೆ ಜನಾನ ಬಿಡಲಿಲ್ಲ. ಕೊಟ್ಟೂರಾಗ ಮಾತ್ರ ಇದನ್ನ ತೆಗೀತಿದ್ದಿಲ್ಲ."

"ನಂದೊಂದು ಕೂಸು ಸತ್ತಿತ್ತು. ನಿಮಗ ಗೊತ್ತಿತ್ತೇನು?"

"ಯಾವ ಕೂಸಮ್ಮಾ? ಊರಾಗ ಕೆಲಸೈತಿ ಅಂತ ಹೋಗಿದ್ದ ಒಂದ್ಸಲ. ಬಂದ. ಏನೂ ಹೇಳಲಿಲ್ಲ." ಮುದುಕ ರಂಗದ ಕಡೆ ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. ಅಷ್ಟು ವರ್ಷ ಆ ಕಲ್ಲಿನ ಜೋಗುಳಕ್ಕೆ ಪೆಟ್ಟಿಗೆ ಬಾರಿಸಿದ ಕೈಗಳು ಅವು.

"ಅದನ್ನ ಆಡಿ ಒಳಗ ಬಂದು ಅಳತಿದ್ದನೇನು?"

ಅಳುತ್ತಿದ್ದ ಎಂದು ಹೇಳಿಬಿಡಲಿ ಎಂದು ಲಾಲ್ ಬೀ ಅವನ ಮುಖವನ್ನೇ ನೋಡಿದಳು. ವೀರಭದ್ರಯ್ಯ ಸುಳ್ಳು ಹೇಳುವ ಮನುಷ್ಯನಲ್ಲ. "ಇಲ್ಲಮ್ಮಾ. ಕಲ್ಲು ಟ್ರಂಕಿನ್ಯಾಗಿಟ್ಟು ಬೀಡಿ ಹಚ್ಚತಿದ್ದ."

"ಏಳಕ್ಕಾ, ಬಸ್ಸಿಗೆ ಹೋಗೂಣು," ಎಂದಳು ಲಾಲ್ ಬೀ. ರುದ್ರಮ್ಮ ಏಳಲಿಲ್ಲ. ಬಸ್ಸಿಗೆ ಹೋದರೆ ಮುಂದಿನ ವಾರ ಹರಪನಹಳ್ಳಿಯಲ್ಲಿ ಇದೇ ನಗು. ಅಲ್ಲಿಂದ ಹಡಗಲಿ, ಕೂಡ್ಲಿಗಿ. ಸತ್ತವನನ್ನು ಕೇಳಲಾಗುವುದಿಲ್ಲ, ಆದರೆ ಇದ್ದವರಿಗೆ ಆಡಿ ಎಂದು ಅಪ್ಪಣೆ ಕೊಟ್ಟವಳು ತಾನೇ. ನಿಲ್ಲಿಸುವುದಾದರೂ ತಾನೇ ನಿಲ್ಲಿಸಬೇಕು.

ನಾಟಕ ಮುಗಿದ ಮೇಲೆ ಅವಳನ್ನು ರಂಗಕ್ಕೆ ಕರೆದರು. ಪ್ರವೀಣಕುಮಾರ್ ಶಾಲು ಹೊದಿಸಿದ. ಮುನಾವರ ವೇಷದಲ್ಲೇ ಬಂದು ಕಾಲು ಮುಟ್ಟಿದ. ಗಂಡನೇ ಬಂದು ಕಾಲು ಹಿಡಿದಂತಾಗಿ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಎರಡು ಮಾತಾಡ್ರಿ ಎಂದು ಮೈಕು ಮುಂದಿಟ್ಟರು.

"ನಾನು ಕರಿಸಿದ್ದಪ್ಪನ ಹೆಂಡ್ತಿ," ಎಂದಳು.

ಅಲ್ಲೊಂದು ಇಲ್ಲೊಂದು ನಗು ಎದ್ದಿತು. ಅದೇ ಧ್ವನಿ, ಅದೇ ಎಳೆತ. ಮೈಕು ಕುಂಯ್ ಎಂದು ಕಿರುಚಿತು. ಹುಟ್ಟುಗುಣ ಸುಟ್ಟರೂ ಹೋಗದು. "ಏ, ನೀ ಸುಮ್ನಿರು," ಎಂದು ಅವಳು ಅದಕ್ಕೆ ಗದರಿ, ಸುಮ್ಮನಾಯಿತೋ ಇಲ್ಲವೋ ಎಂದು ಕಿವಿ ವಾಲಿಸಿದಳು. ಮಂಟಪವೇ ಉರುಳಿಬಿದ್ದಂತೆ ಜನ ನಕ್ಕರು. ನಾಟಕಕ್ಕಿಂತ ಜೋರಾಗಿ ನಕ್ಕರು. ಚಪ್ಪಾಳೆ ಬಿತ್ತು. ಆ ನಗೆಯ ನಡುವೆ ನಿಂತ ರುದ್ರಮ್ಮನಿಗೆ ತಾನು ನಿಜವಾದವಳೋ ಆ ಟ್ರಂಕಿನಿಂದ ತೆಗೆದವಳೋ ತಿಳಿಯದಂತಾಯಿತು.

"ನೀವು ನಕ್ಕಿದ್ರಿ ನೋಡ್ರಿ, ಅದು ನನ್ನ ಕೂಸು," ಎಂದಳು. "ತೊಟ್ಟಲಕ್ಕ ಹಾಕೂ ದಿನಾನ ಸತ್ತಿತ್ತು."

ಹಿಂದಿನ ಸಾಲುಗಳು ಇನ್ನೂ ನಗುತ್ತಿದ್ದವು. ಇದೂ ಪ್ರಸಂಗದ್ದೇ ಎಂದುಕೊಂಡಿದ್ದವು. ಮುಂದಿನ ಸಾಲಿನಲ್ಲಿ ಲಾಲ್ ಬೀ ಮುಖ ಮುಚ್ಚಿಕೊಂಡಿದ್ದಳು. ಅವಳನ್ನು ಕಂಡ ಪಕ್ಕದ ಹೆಂಗಸು ನಗು ನಿಲ್ಲಿಸಿದಳು. ಅಲ್ಲಿಂದ ಸಾಲು ಸಾಲಾಗಿ ಹಿಂದಕ್ಕೆ ನಗು ಸತ್ತಿತು. ಕಡೆಯ ಸಾಲಿನ ಒಬ್ಬನದು ಮಾತ್ರ ಸ್ವಲ್ಪ ಹೊತ್ತು ಉಳಿದು, ಅವನೂ ಸುತ್ತ ನೋಡಿ ಬಾಯಿ ಮುಚ್ಚಿದ.

ಪ್ರವೀಣಕುಮಾರ್ ಮೈಕಿನ ಹತ್ತಿರ ಬಂದ. "ನಮಗಿದು ಗೊತ್ತಿದ್ದಿಲ್ರಿ ಅಮ್ಮಾರ. ಇವತ್ತಿಗೆ ನಿಲ್ಲಸ್ತೀವಿ. ಇನ್ನ ಮ್ಯಾಲೆ ಆಡೂದಿಲ್ಲ."

ಅವಳಿಗೆ ಬೇಕಾದದ್ದು ಇದೇ ಆಗಿತ್ತು. ಆದರೆ ಕೈಗೆ ಬಂದ ಕೂಡಲೇ ಅದು ಸಾಲದು ಅನ್ನಿಸಿತು. ನಿಲ್ಲಿಸಿದರೆ ಕರಿಸಿದ್ದಪ್ಪ ನಗಿಸಿದವನಾಗಿಯೇ ಉಳಿಯುತ್ತಾನೆ. ಅವನು ಸೋಲುವುದನ್ನು ಅವಳು ನೋಡಬೇಕಿತ್ತು.

"ನಿಲ್ಲಸಬ್ಯಾಡ," ಎಂದಳು. "ಹರಪನಹಳ್ಳ್ಯಾಗ ಆಡು. ಆದ್ರ ಆಡೂಮುಂಚೆ ಜನಕ್ಕ ಹೇಳು, ಈ ಕೂಸು ಸತ್ತೈತಿ ಅಂತ. ಹೇಳಿ ಆಡು. ಅವಾಗ ಯಾರು ನಗತಾರ ನಾನೂ ನೋಡ್ತೀನಿ."

ಆ ವಾರ ರುದ್ರಮ್ಮನ ಒಲೆಯ ಮುಂದೆ ಸದ್ದಿರಲಿಲ್ಲ. ಹಂಚಿಗೆ ಏನೋ ಹೇಳಲು ಬಾಯಿ ತೆರೆಯುವಳು, ಜನ ನಕ್ಕಂತಾಗಿ ಮುಚ್ಚುವಳು. ಗಂಡನ ಫೋಟೋಕ್ಕೆ ಊದಿನಕಡ್ಡಿ ಹಚ್ಚಲಿಲ್ಲ, ಬೈಯಲೂ ಇಲ್ಲ. ಬೈದರೆ ಅದನ್ನೂ ಎಲ್ಲಿಗೋ ಒಯ್ದು ಆಡುತ್ತಾನೆ ಅನ್ನುವಂತಿತ್ತು ಅವಳ ಮನಸ್ಸು. ಅವಳ ಮಾತುಗಳೇ ಅವಳವಾಗಿ ಉಳಿದಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಒಂದೇ. ಲಾಲ್ ಬೀಗೆ ತಡೆಯಲಾಗಲಿಲ್ಲ. "ಹಂಚಿಗಾದ್ರೂ ಬೈ ಅಕ್ಕಾ," ಎಂದು ಅಂಗಲಾಚಿದಳು.

ಹರಪನಹಳ್ಳಿಯಲ್ಲೂ ಮಧ್ಯಾಹ್ನದ ಆಟ, ತುಂಬಿದ ಮಂಟಪ. ಕರಿಸಿದ್ದಪ್ಪನ ಪ್ರಸಂಗಕ್ಕೆ ಮೊದಲು ಪ್ರವೀಣಕುಮಾರ್ ಪರದೆಯ ಮುಂದೆ ಬಂದು ನಿಂತ. ಕೂಸಿನ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿ ಒಳಗೆ ಹೋದ. ಸಭೆ ತಣ್ಣಗಾಯಿತು.

ಮುನಾವರ ಬಂದ. ಹಂಚಿಗೆ ಬೈದ, ಯಾರೂ ನಗಲಿಲ್ಲ. ಟ್ರಂಕಿನಿಂದ ಕಲ್ಲು ತೆಗೆದಾಗ ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಬಂತು. ಏ ಗುಂಡ ಎನ್ನುವಾಗ ಹುಡುಗನ ಧ್ವನಿ ಒಡೆಯಿತು. ಕಣ್ಣಿಂದ ನೀರು ಇಳಿದು ಬಣ್ಣ ಕಲಸಿತು. ವೀರಭದ್ರಯ್ಯನ ಪೆಟ್ಟಿಗೆಯೂ ಅಳುವ ರಾಗ ಹಿಡಿದಿತ್ತು. ರುದ್ರಮ್ಮ ನೆಟ್ಟಗೆ ಕುಳಿತು ಎಲ್ಲವನ್ನೂ ನೋಡಿದಳು. ಸೋತೆಯಾ, ಎಂದು ಒಳಗೇ ಗಂಡನನ್ನು ಕೇಳಿದಳು.

"ಆ ಕೂಸಿನ್ನ ಇತ್ತ ತಾರವ್ವಾ, ಖಾರ ಅರೀಬೇಕು," ಎಂದಿತು ಮರೆಯ ಧ್ವನಿ.

ಆಗ ಅವಳ ಕಣ್ಣ ಮುಂದೆ ಅತ್ತೆ ಬಂದು ನಿಂತಳು. ಸೆರಗಿನಲ್ಲಿ ಕೆಂಪು ಮೆಣಸಿನಕಾಯಿ ಕಟ್ಟಿಕೊಂಡು, ಕಲ್ಲು ಕೇಳಲು ಬಾಯಿ ಬಾರದೆ, ಬಿಟ್ಟು ಹೋಗಲೂ ಆಗದೆ, ಬಾಗಿಲಲ್ಲಿ ಕಾಲು ಬದಲಿಸುತ್ತ ನಿಂತ ಆ ಜೋಲುಮೋರೆ. ಇತ್ತ ಅರಿಶಿಣ ಬಳಿದ ಕಲ್ಲನ್ನು ತಟ್ಟುತ್ತ, ಗಂಭೀರವಾಗಿ, ಊರಿನ ಗೌಡಸಾನಿಯ ಠೀವಿಯಲ್ಲಿ, ತಾನು. ತಡೀರಿ ಅತ್ತಿ, ಈಗಿನ್ನ ನಿದ್ದಿ ಹತ್ತೈತಿ. ಅಂದಿದ್ದಳು. ಅಕ್ಷರಶಃ ಅದನ್ನೇ ಅಂದಿದ್ದಳು. ಅದಕ್ಕೆ ಅತ್ತೆ, ಆತು ಬಿಡವ್ವಾ, ಎದ್ದ ಮ್ಯಾಲೆ ಕೊಡು ಎಂದು ತುದಿಗಾಲಲ್ಲಿ ಹೋಗಿದ್ದಳು, ಕಲ್ಲಿಗೆ ಎಚ್ಚರವಾದೀತೆಂದು.

ರುದ್ರಮ್ಮನ ಹೊಟ್ಟೆಯೊಳಗಿಂದ ಏನೋ ಎದ್ದು ಬಂತು. ಅಳು ಎಂದುಕೊಂಡು ಸೆರಗು ಬಾಯಿಗೊತ್ತಿದಳು. ಸೆರಗಿನಿಂದ ಹೊರಗೆ ಬಂದದ್ದು ನಗು.

ನಿಶ್ಶಬ್ದ ಮಂಟಪದಲ್ಲಿ ಅವಳೊಬ್ಬಳೇ ನಕ್ಕಳು. ಜನ ತಿರುಗಿ ನೋಡಿದರು. ಅಕ್ಕನಿಗೆ ತಲೆ ಕೆಟ್ಟಿತೆಂದು ಲಾಲ್ ಬೀ ಗಾಬರಿಯಿಂದ ಅವಳ ರಟ್ಟೆ ಹಿಡಿದಳು. ರುದ್ರಮ್ಮನಿಗೂ ಗಾಬರಿಯೇ. ಸತ್ತ ಕೂಸಿನ ಮೇಲೆ ತಾನೇ ನಗುತ್ತಿದ್ದೇನಲ್ಲ ಎಂದು. ನಗು ಮಾತ್ರ ನಿಲ್ಲುತ್ತಿರಲಿಲ್ಲ. ಮುನಾವರ ಆಟ ನಿಲ್ಲಿಸಿ, ಕಣ್ಣೀರು ತುಂಬಿಕೊಂಡು, ಕಲ್ಲು ಹಿಡಿದು ಹಾಗೇ ನಿಂತಿದ್ದ.

ರುದ್ರಮ್ಮ ಎದ್ದು ನಿಂತಳು. "ಅಳಬ್ಯಾಡ ತಮ್ಮಾ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ಆವತ್ತು ನಾನೂ ಅತ್ತಿದ್ದಿಲ್ಲ. ಅವನೂ ಅಳಲಿಲ್ಲ. ನೀ ಯಾಕ ಅಳ್ತಿ? ಅವ ಆಡಿದಂಗ ಆಡು."